ಬರ್ಬನ್ ತಗೊಳ್ಳೋದಾ, ರೈ ತಗೊಳ್ಳೋದಾ? ಅಮೆರಿಕನ್ ವಿಸ್ಕಿ ಆರಿಸುವ ದಾರಿ

ಡಿಸೆಂಬರ್ ಹತ್ತಿರ ಬಂತು ಅಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಶುರುವಾಗುತ್ತವೆ. "ಅಣ್ಣ, ಊರಿಗೆ ಹೊರಟಿದ್ದೀನಿ. ಭಾವನಿಗೆ ಒಂದು ಒಳ್ಳೆ ಅಮೆರಿಕನ್ ವಿಸ್ಕಿ ತಗೊಂಡು ಹೋಗ್ಬೇಕು. ಅಂಗಡೀಲಿ ನಿಂತಿದ್ದೀನಿ, ಗೋಡೆ ತುಂಬಾ ಬಾಟಲಿ ಇದೆ. ಯಾವುದು ತಗೊಳ್ಲಿ? ಬೇಗ ಹೇಳಿ."

ನಾನಿರುವುದು ಸಿನ್ಸಿನ್ಯಾಟಿಯಲ್ಲಿ. ಇಲ್ಲಿ ಓಹಾಯೋ ನದಿಯ ಸೇತುವೆ ದಾಟಿದರೆ ಕೆಂಟಕಿ ರಾಜ್ಯ. ಎರಡು ಗಂಟೆ ಕಾರು ಓಡಿಸಿದರೆ ಹತ್ತಾರು ಭಟ್ಟಿಗಳು ಸಿಗುತ್ತವೆ. ನಾನು ಈ ವ್ಯಾಪಾರದವನಲ್ಲ. ವಾರಾಂತ್ಯದಲ್ಲಿ ಹೋಗಿ, ನೋಡಿ, ಕೇಳಿ, ಕುಡಿದು ಕಲಿತವನು. ಫೋನಿನಲ್ಲಿ ಎರಡು ಸಾಲಿನ ಉತ್ತರ ಕೊಟ್ಟಾಗಲೆಲ್ಲ ಅರ್ಧ ಹೇಳಿದ ಹಾಗೆ ಅನಿಸುತ್ತಿತ್ತು. ಅದಕ್ಕೇ ಈ ಸಲ ಪೂರ್ತಿ ಬರೆಯುತ್ತಿದ್ದೇನೆ.

ಏನೇನು ನೋಡಬೇಕು

ನಾನು ನೋಡುವುದು ನಾಲ್ಕು ವಿಷಯ. ಮೊದಲು ಧಾನ್ಯ. ಆಮೇಲೆ ಖಾರ, ಅಂದರೆ ಆಲ್ಕೋಹಾಲ್ ಶೇಕಡ ಎಷ್ಟು. ಮೂರನೇದು, ಕುಡಿಯುವವರು ಅದನ್ನು ಹೇಗೆ ಕುಡಿಯುತ್ತಾರೆ: ಸೋಡಾ ಹಾಕಿಯಾ, ಐಸ್ ಹಾಕಿಯಾ, ಏನೂ ಬೆರೆಸದೆಯಾ, ಕಾಕ್‌ಟೇಲ್ ಮಾಡಿಯಾ. ಕೊನೆಗೆ ದುಡ್ಡು, ಮತ್ತು ಆ ಬಾಟಲಿ ನಿಮ್ಮ ಕೈಗೆ ಸಿಗುತ್ತದಾ ಅನ್ನುವುದು.

ಇದರಲ್ಲಿ ಧಾನ್ಯಕ್ಕೇ ಯಾಕೆ ಮೊದಲ ಜಾಗ? ಕಾನೂನು ನೋಡಿದರೆ ಗೊತ್ತಾಗುತ್ತದೆ. ಬರ್ಬನ್ ಅನ್ನಿಸಿಕೊಳ್ಳಬೇಕಾದರೆ ನೆನೆಹಾಕಿ ಬೇಯಿಸುವ ಧಾನ್ಯದಲ್ಲಿ ಕನಿಷ್ಠ ಶೇ 51 ಮೆಕ್ಕೆಜೋಳ ಇರಬೇಕು. ರೈ ವಿಸ್ಕಿ ಅನ್ನಿಸಿಕೊಳ್ಳಬೇಕಾದರೆ ಕನಿಷ್ಠ ಶೇ 51 ರೈ ಇರಬೇಕು. ಮಿಕ್ಕ ನಿಯಮಗಳು ಎರಡಕ್ಕೂ ಒಂದೇ. ಶೇ 80ಕ್ಕಿಂತ ಹೆಚ್ಚಿನ ಆಲ್ಕೋಹಾಲ್‌ಗೆ ಭಟ್ಟಿ ಇಳಿಸುವಂತಿಲ್ಲ. ಪೀಪಾಯಿಗೆ ತುಂಬುವಾಗ ಶೇ 62.5 ದಾಟುವಂತಿಲ್ಲ. ಪೀಪಾಯಿ ಓಕ್ ಮರದ್ದಾಗಿರಬೇಕು, ಒಳಗಡೆ ಬೆಂಕಿಯಲ್ಲಿ ಸುಟ್ಟಿರಬೇಕು, ಹೊಚ್ಚ ಹೊಸದಾಗಿರಬೇಕು. ಬಾಟಲಿಯಲ್ಲಿ ಕನಿಷ್ಠ ಶೇ 40 ಇರಬೇಕು. ಬರ್ಬನ್ನಿಗಂತೂ ಬಣ್ಣ, ರುಚಿ ಏನನ್ನೂ ಹೊರಗಿಂದ ಸೇರಿಸುವ ಹಾಗಿಲ್ಲ. ಹಾಗಾಗಿ ಎರಡರ ನಡುವಿನ ವ್ಯತ್ಯಾಸ ಹೆಚ್ಚುಕಡಿಮೆ ಪೂರ್ತಿ ಧಾನ್ಯದ್ದೇ.

ರೈ ಅಂದರೆ ನಮ್ಮ ಸಾಸಿವೆ ಅಲ್ಲ. ಹಿಂದಿಯ ರಾಯಿ ನೆನಪಾಗಿ ಕೆಲವರು ಹಾಗೆ ಅಂದುಕೊಳ್ಳುತ್ತಾರೆ. ಇದು ಗೋಧಿ, ಬಾರ್ಲಿಯ ಕಡೆಯ ಧಾನ್ಯ. ಚಳಿ ದೇಶದಲ್ಲಿ, ಬಡ ಮಣ್ಣಿನಲ್ಲೂ ಬೆಳೆಯುತ್ತದೆ. ಮೆಕ್ಕೆಜೋಳ (ಇನ್ನು ಮುಂದೆ ಬರೀ ಜೋಳ ಅಂದರೂ ಇದೇ) ಕೊಡುವುದು ಸಿಹಿ. ರೈ ಕೊಡುವುದು ಮೆಣಸು, ಸೋಂಪು, ಒಣ ಪುದೀನದ ಕಡೆಯ ರುಚಿ. ಗೋಧಿ ತನ್ನದೇನನ್ನೂ ಜೋರಾಗಿ ಹೇಳುವುದಿಲ್ಲ, ಬೇರೆಯವುಗಳ ಅಂಚನ್ನು ಮೆತ್ತಗೆ ಮಾಡುತ್ತದೆ. ಇವುಗಳ ಜೊತೆ ಸ್ವಲ್ಪ ಮೊಳಕೆ ಬರಿಸಿದ ಬಾರ್ಲಿ ಸೇರುತ್ತದೆ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಸಿಹಿಯಾಗುತ್ತದಲ್ಲ, ಅದೇ ಗುಣ ಇಲ್ಲಿ ಮಿಕ್ಕ ಧಾನ್ಯದ ಪಿಷ್ಟವನ್ನೂ ಸಕ್ಕರೆ ಮಾಡುತ್ತದೆ. ಆ ಸಕ್ಕರೆಯೇ ಹುದುಗಿ ಮದ್ಯವಾಗುವುದು.

ವಯಸ್ಸನ್ನು ನಾನು ಈ ನಾಲ್ಕರಲ್ಲಿ ಸೇರಿಸಿಲ್ಲ. ಸ್ಕಾಚ್ ಅಭ್ಯಾಸ ಇರುವವರು ಮೊದಲು ಕೇಳುವುದೇ "ಎಷ್ಟು ವರ್ಷದ್ದು?" ಅಂತ. ಸ್ಕಾಟ್ಲೆಂಡಿನಲ್ಲಿ ಚಳಿ, ಪೀಪಾಯಿಯೂ ಸಾಮಾನ್ಯವಾಗಿ ಬಳಸಿದ್ದು. ಕೆಂಟಕಿಯ ಬೇಸಿಗೆ ಬಿರುಸು, ಪೀಪಾಯಿ ಹೊಸದು. ಮರದ ಸಾರ ಬೇಗ ಇಳಿಯುತ್ತದೆ. ಆರರಿಂದ ಹತ್ತು ವರ್ಷಕ್ಕೆ ಹೆಚ್ಚಿನವು ಹದಕ್ಕೆ ಬಂದಿರುತ್ತವೆ. ಹದಿನೈದು ದಾಟಿದ ಮೇಲೆ ಎಷ್ಟೋ ಬಾಟಲಿಗಳಲ್ಲಿ ಒಲೆ ಮೇಲೆ ಮರೆತ ಚಹಾದ ಒಗರು ಬರುತ್ತದೆ. ಬಾಟಲಿಯ ಚೀಟಿ ಮೇಲಿನ 'ಸ್ಮಾಲ್ ಬ್ಯಾಚ್', ಅಂದರೆ ಸ್ವಲ್ಪಸ್ವಲ್ಪವಾಗಿ ಮಾಡಿದ್ದು, ಅನ್ನುವ ಮಾತಿಗೂ ಕಾನೂನಿನಲ್ಲಿ ಅರ್ಥವಿಲ್ಲ. ನನ್ನ ಮೊದಲ ವರ್ಷದಲ್ಲಿ ಆ ಎರಡು ಪದ ಮತ್ತು ಭಾರವಾದ ಗಾಜಿನ ಬಿರಡೆ ನೋಡಿ ಎಪ್ಪತ್ತು ಡಾಲರ್ ಕೊಟ್ಟು ಒಂದು ಬಾಟಲಿ ತಂದಿದ್ದೆ. ಮನೆಗೆ ಬಂದು ಹಿಂದಿನ ಚೀಟಿ ಓದಿದಾಗ, ಯಾರು ಭಟ್ಟಿ ಇಳಿಸಿದರು ಅನ್ನುವ ಮಾತೇ ಇರಲಿಲ್ಲ, ಯಾರು ಬಾಟಲಿಗೆ ತುಂಬಿದರು ಅನ್ನುವುದು ಮಾತ್ರ ಇತ್ತು. ಕೆಟ್ಟ ವಿಸ್ಕಿ ಅಂತ ಹೇಳಲಾರೆ. ಆದರೆ ಅದರ ಅರ್ಧ ಬೆಲೆಗೆ ಅದಕ್ಕಿಂತ ಚೆನ್ನಾಗಿರುವುದು ಪಕ್ಕದಲ್ಲೇ ಇತ್ತು.

ರೈ ಮೊದಲು ಬಂದದ್ದು, ಬರ್ಬನ್ ಗೆದ್ದದ್ದು

ಇವತ್ತು ಅಂಗಡಿಯಲ್ಲಿ ಬರ್ಬನ್ ನಾಲ್ಕು ಸಾಲು, ರೈ ಒಂದೇ ಸಾಲು ಇರುತ್ತದೆ. ಇನ್ನೂರು ವರ್ಷದ ಹಿಂದೆ ಪೂರ್ವ ಕರಾವಳಿಯಲ್ಲಿ ವಿಸ್ಕಿ ಅಂದರೆ ರೈ ಅಂತಲೇ ಅರ್ಥ. ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್ ಕಡೆಯ ರೈತರು ಬೆಳೆದ ರೈಯನ್ನೇ ಭಟ್ಟಿ ಇಳಿಸುತ್ತಿದ್ದರು. ಬೆಟ್ಟ ದಾಟಿಸಿ ಧಾನ್ಯದ ಮೂಟೆ ಸಾಗಿಸುವುದು ಕಷ್ಟ, ಪೀಪಾಯಿ ಸಾಗಿಸುವುದು ಸುಲಭ. ಎಷ್ಟೋ ಕಡೆ ವಿಸ್ಕಿಯೇ ದುಡ್ಡಿನ ಬದಲು ಓಡಾಡುತ್ತಿತ್ತು. 1791ರಲ್ಲಿ ಖಜಾನೆ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಅದರ ಮೇಲೆ ತೆರಿಗೆ ಹಾಕಿಸಿದಾಗ ಪಶ್ಚಿಮ ಪೆನ್ಸಿಲ್ವೇನಿಯಾದ ರೈತರು ತಿರುಗಿಬಿದ್ದರು. 1794ರಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಸುಮಾರು 13,000 ಸೈನಿಕರನ್ನು ಕೂಡಿಸಿಕೊಂಡು ತಾವೇ ಹೊರಟರು.

ಅದೇ ವಾಷಿಂಗ್ಟನ್ ಅಧ್ಯಕ್ಷಗಿರಿ ಬಿಟ್ಟ 1797ರಲ್ಲಿ ಮೌಂಟ್ ವರ್ನನ್‌ನ ತಮ್ಮ ಜಮೀನಿನಲ್ಲಿ ಭಟ್ಟಿ ಶುರುಮಾಡಿದರು. ಐಡಿಯಾ ಕೊಟ್ಟದ್ದು ಅವರ ಸ್ಕಾಟಿಷ್ ಮ್ಯಾನೇಜರ್ ಜೇಮ್ಸ್ ಆಂಡರ್ಸನ್. ಭಟ್ಟಿಯ ಮುಂದೆ ಬೆವರು ಸುರಿಸಿದವರಲ್ಲಿ ಆರು ಮಂದಿ ಗುಲಾಮರಿದ್ದರು. 1799ರಲ್ಲಿ ಅಲ್ಲಿ ತಯಾರಾದದ್ದು ಸುಮಾರು 11,000 ಗ್ಯಾಲನ್. ಅಳತೆ ಹೀಗಿತ್ತು: ರೈ 60, ಜೋಳ 35, ಮೊಳಕೆ ಬಾರ್ಲಿ 5. ಇವತ್ತಿನ ಕಾನೂನಿನಲ್ಲೂ ಆ ಅಳತೆಗೆ ರೈ ವಿಸ್ಕಿ ಅಂತಲೇ ಹೆಸರು. ಆದರೆ ಅದನ್ನು ಹೊಸ ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುತ್ತಿರಲಿಲ್ಲ. ಬೆಳ್ಳಗೇ ಮಾರುತ್ತಿದ್ದರು.

ಬೆಟ್ಟದ ಆಚೆ ಕೆಂಟಕಿಗೆ ಹೋಗಿ ನೆಲೆಸಿದವರಿಗೆ ಸಿಕ್ಕಿದ್ದು ಜೋಳ ಚೆನ್ನಾಗಿ ಬೆಳೆಯುವ ಮಣ್ಣು, ಮತ್ತು ಸುಣ್ಣಕಲ್ಲಿನ ಮೂಲಕ ಸೋಸಿ ಬಂದ ನೀರು. ಆ ನೀರಿನಲ್ಲಿ ಕಬ್ಬಿಣದ ಅಂಶ ಇರುವುದಿಲ್ಲ. ಕಬ್ಬಿಣ ಇದ್ದರೆ ವಿಸ್ಕಿಯ ಬಣ್ಣ, ರುಚಿ ಎರಡೂ ಕೆಡುತ್ತದೆ. ತುಂಬಿದ ಪೀಪಾಯಿಗಳು ದೋಣಿಗಳಲ್ಲಿ ಓಹಾಯೋ, ಮಿಸಿಸಿಪ್ಪಿ ನದಿಗಳ ಮೇಲೆ ನ್ಯೂ ಆರ್ಲಿಯನ್ಸಿಗೆ ಇಳಿಯುತ್ತಿದ್ದವು. ಹೆಸರು ಬಂದದ್ದು ಕೆಂಟಕಿಯ ಬರ್ಬನ್ ಕೌಂಟಿಯಿಂದಲಾ, ನ್ಯೂ ಆರ್ಲಿಯನ್ಸಿನ ಬರ್ಬನ್ ಬೀದಿಯಿಂದಲಾ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಎರಡಕ್ಕೂ ಮೂಲ ಫ್ರಾನ್ಸಿನ ಅರಸು ಮನೆತನದ ಹೆಸರೇ. ಸುಟ್ಟ ಪೀಪಾಯಿಯನ್ನು ಕಂಡುಹಿಡಿದವರು ಎಲೈಜಾ ಕ್ರೇಗ್ ಅನ್ನುವ ಪಾದ್ರಿ ಅಂತ ಭಟ್ಟಿಗಳ ಗೈಡುಗಳು ಕಥೆ ಹೇಳುತ್ತಾರೆ. ಅದಕ್ಕೆ ಪುರಾವೆ ಇಲ್ಲ. ಜೇಮ್ಸ್ ಕ್ರೋ ಅನ್ನುವ ಸ್ಕಾಟಿಷ್ ವೈದ್ಯ 1830ರ ದಶಕದಲ್ಲಿ ಮಾಡಿದ ಕೆಲಸ ಮಾತ್ರ ಗಟ್ಟಿ. ಹಿಂದಿನ ಭಟ್ಟಿಯಲ್ಲಿ ಉಳಿದ ಹುಳಿ ನೀರನ್ನು ಹೊಸದಾಗಿ ನೆನೆಹಾಕಿದ ಧಾನ್ಯಕ್ಕೆ ಸೇರಿಸುವುದನ್ನು ಅವರು ಅಳತೆ ಇಟ್ಟು ಮಾಡಿದರು. ಇದರಿಂದ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಪ್ರತಿ ಸಲವೂ ರುಚಿ ಒಂದೇ ಥರ ಬರುತ್ತದೆ. ಚೀಟಿಯ ಮೇಲೆ 'ಸೋರ್ ಮ್ಯಾಶ್' ಅಂತ ಇರುವುದು ಇದೇ. ರುಚಿ ಹುಳಿ ಇರುತ್ತದೆ ಅಂತ ಹೆದರಬೇಡಿ.

ಆಮೇಲೆ 1920ರಿಂದ 1933ರವರೆಗೆ ಪಾನನಿಷೇಧ. ಔಷಧಿ ವಿಸ್ಕಿ ಮಾರಲು ಲೈಸೆನ್ಸ್ ಸಿಕ್ಕ ಬೆರಳೆಣಿಕೆಯ ಕಂಪನಿಗಳು ಬಿಟ್ಟರೆ ಮಿಕ್ಕವೆಲ್ಲ ಬಾಗಿಲು ಹಾಕಿದವು. ಕೆಂಟಕಿ ಮತ್ತೆ ಎದ್ದು ನಿಂತಿತು. ಪೆನ್ಸಿಲ್ವೇನಿಯಾ, ಮೇರಿಲ್ಯಾಂಡಿನ ರೈ ಭಟ್ಟಿಗಳು ಮೊದಲಿನ ಹಾಗೆ ಏಳಲೇ ಇಲ್ಲ. ಜೋಳ ಅಗ್ಗ. ರೈ ಬೇಯಿಸುವಾಗ ಗೋಂದಿನ ಹಾಗೆ ಅಂಟುತ್ತದೆ, ನೊರೆ ಉಕ್ಕಿ ತೊಟ್ಟಿಯಿಂದ ಹೊರಗೆ ಬರುತ್ತದೆ. ಜನರ ನಾಲಿಗೆಯೂ ಸಿಹಿಯ ಕಡೆ ತಿರುಗಿತ್ತು. 1964ರಲ್ಲಿ ಅಮೆರಿಕದ ಕಾಂಗ್ರೆಸ್ಸು ಬರ್ಬನ್ನನ್ನು ದೇಶದ ವಿಶಿಷ್ಟ ಉತ್ಪನ್ನ ಅಂತ ಘೋಷಿಸುವ ಹೊತ್ತಿಗೆ ರೈ ಮೂಲೆ ಸೇರಿತ್ತು. ಕೆಂಟಕಿಯ ಕೆಲವು ಭಟ್ಟಿಗಳು ವರ್ಷಕ್ಕೆ ಕೆಲವೇ ದಿನ ರೈ ಇಳಿಸಿ ಅದರ ಉಸಿರು ಉಳಿಸಿದವು. ಈ ಶತಮಾನದಲ್ಲಿ ಹಳೆಯ ಕಾಕ್‌ಟೇಲ್‌ಗಳನ್ನು ಮತ್ತೆ ಮಾಡತೊಡಗಿದ ಬಾರ್‌ಗಳವರು ರೈಯನ್ನು ಹುಡುಕಿಕೊಂಡು ಬಂದ ಮೇಲೆ ಅದಕ್ಕೆ ಜೀವ ಬಂತು. ನನಗೆ ರೈ ಕಂಡರೆ ಸ್ವಲ್ಪ ಪಕ್ಷಪಾತ ಇದೆ. ಕಾರಣ ಈ ಕಥೆಯೇ ಇರಬೇಕು.

ಈಗ ಒಂದೊಂದಾಗಿ

ಮಾಮೂಲಿ ಬರ್ಬನ್. ಜೋಳ ಶೇ 70–80, ಜೊತೆಗೆ ಸ್ವಲ್ಪ ರೈ, ಸ್ವಲ್ಪ ಬಾರ್ಲಿ. ಜಿಮ್ ಬೀಮ್, ಇವಾನ್ ವಿಲಿಯಮ್ಸ್, ಬಫಲೋ ಟ್ರೇಸ್, ವೈಲ್ಡ್ ಟರ್ಕಿ ಎಲ್ಲ ಇದೇ ಗುಂಪು. ಮೂಗಿಗೆ ವೆನಿಲ್ಲಾ, ಸುಟ್ಟ ಸಕ್ಕರೆ. ಬಾಯಲ್ಲಿ ಜೋನಿಬೆಲ್ಲ, ಕೆಂಡದ ಮೇಲೆ ಸುಟ್ಟ ಜೋಳದ ತೆನೆ, ಕೊನೆಗೆ ಒಂದಿಷ್ಟು ದಾಲ್ಚಿನ್ನಿ. ಜಿಮ್ ಬೀಮ್‌ನಲ್ಲಿ ಇದಕ್ಕೆ ಶೇಂಗಾದ ಒಂದು ವಾಸನೆಯೂ ಸೇರುತ್ತದೆ. ಅದು ಕೆಲವರಿಗೆ ಇಷ್ಟ, ಕೆಲವರಿಗೆ ಆಗುವುದಿಲ್ಲ. ಶೇ 40ರ ಬಾಟಲಿಗೆ ಸೋಡಾ, ಐಸ್ ಎರಡೂ ಹಾಕಿದರೆ ರುಚಿ ನೀರಾಗಿಬಿಡುತ್ತದೆ. ಅದೇ ವೈಲ್ಡ್ ಟರ್ಕಿ 101, ಅಂದರೆ ಶೇ 50.5, ಐಸ್ ಕರಗಿದ ಮೇಲೂ ಬೆನ್ನು ಬಾಗಿಸುವುದಿಲ್ಲ. ಅಮೆರಿಕದಲ್ಲಿ ಸುಮಾರು 25 ಡಾಲರಿಗೆ ಸಿಗುತ್ತದೆ. ಆ ಬೆಲೆಗೆ ಇದಕ್ಕಿಂತ ಜಾಸ್ತಿ ಕೊಡುವ ಬಾಟಲಿ ನನಗೆ ಸಿಕ್ಕಿಲ್ಲ.

ಗೋಧಿ ಬರ್ಬನ್. ರೈ ಬದಲು ಗೋಧಿ ಹಾಕಿದ್ದು. ಎಲ್ಲೆಡೆ ಸಿಗುವುದು ಮೇಕರ್ಸ್ ಮಾರ್ಕ್. ಲೊರೆಟ್ಟೊ ಅನ್ನುವ ಸಣ್ಣ ಊರಿನದು. ಬಿಲ್ ಸ್ಯಾಮುಯೆಲ್ಸ್ ಹಳೆಯ ಭಟ್ಟಿಯನ್ನು 1953ರಲ್ಲಿ ಕೊಂಡರು. ಬಾಟಲಿಯ ಕತ್ತಿನಿಂದ ಇಳಿಯುವ ಕೆಂಪು ಮೇಣ ಅವರ ಹೆಂಡತಿ ಮಾರ್ಜಿಯವರ ಯೋಚನೆ. ಈಗಲೂ ಒಂದೊಂದು ಬಾಟಲಿಯನ್ನೂ ಕೈಯಲ್ಲೇ ಮೇಣಕ್ಕೆ ಅದ್ದುತ್ತಾರೆ. ರುಚಿಯಲ್ಲಿ ಮೆಣಸಿನ ಚುರುಕು ಇಲ್ಲ. ಕಾಯಿ ಹೋಳಿಗೆಯ ಹೂರಣದ ಥರದ ಮೆತ್ತನೆಯ ಸಿಹಿ. ಶೇ 45 ಇದ್ದರೂ ಗಂಟಲಿಗೆ ಉರಿ ಕಡಿಮೆ ಅನಿಸುತ್ತದೆ. ಮೊದಲ ಸಲ ನೀರು ಬೆರೆಸದೆ ಕುಡಿಯಲು ನೋಡುವವರಿಗೆ ನಾನು ಕೊಡುವುದು ಇದನ್ನೇ. ತೊಂದರೆ ಏನಂದರೆ, ಸೋಡಾ ಹಾಕಿದರೆ, ಕಾಕ್‌ಟೇಲ್ ಮಾಡಿದರೆ ಇದು ಹಿಂದೆ ಸರಿದುಬಿಡುತ್ತದೆ. ಇದೇ ಜಾತಿಯ ಪ್ಯಾಪಿ ವ್ಯಾನ್ ವಿಂಕಲ್ ಬಗ್ಗೆ ಕೇಳಿರುತ್ತೀರಿ. ಅದಕ್ಕೆ ಸಾವಿರಾರು ಡಾಲರ್ ಕೊಡುವ ಜನ ಇದ್ದಾರೆ. ಈ ಲೇಖನ ಓದಿ ಬಾಟಲಿ ಆರಿಸುವವರು ಅದರ ಕಡೆ ತಲೆ ಹಾಕುವುದೇ ಬೇಡ.

ರೈ ಜಾಸ್ತಿ ಇರುವ ಬರ್ಬನ್. ಜೋಳವೇ ಹೆಚ್ಚು, ಆದರೆ ರೈ ಶೇ 25 ದಾಟಿರುತ್ತದೆ. ಓಲ್ಡ್ ಗ್ರ್ಯಾಂಡ್-ಡ್ಯಾಡ್, ಬುಲೆಟ್ ಬರ್ಬನ್ ಹೀಗಿವೆ. ಫೋರ್ ರೋಸಸ್ ಭಟ್ಟಿಯಲ್ಲಿ ಎರಡು ಧಾನ್ಯದ ಅಳತೆ, ಐದು ಯೀಸ್ಟ್, ಕೂಡಿಸಿ ಹತ್ತು ಬಗೆ ಇಳಿಸುತ್ತಾರೆ. ಒಂದೇ ಪೀಪಾಯಿಯಿಂದ ತುಂಬಿದ ಅವರ ಸಿಂಗಲ್ ಬ್ಯಾರಲ್‌ಗೆ ಬಳಸುವ ಅಳತೆಯಲ್ಲಿ ರೈ ಶೇ 35. ಬರ್ಬನ್ನೋ ರೈಯೋ ಅಂತ ತೂಗಾಡುವವರಿಗೆ ಇದು ಸರಿಯಾದ ನಡುಮನೆ. ಸಿಹಿಯೂ ಇದೆ, ಹಿಂದಿನಿಂದ ಏಲಕ್ಕಿ, ಮೆಣಸು ಬರುತ್ತದೆ. ಮನೆಯಲ್ಲಿ ಒಂದೇ ಬಾಟಲಿ ಇಡುವವರಿಗೆ ನನ್ನ ಉತ್ತರ ಈ ಗುಂಪಿನಲ್ಲೇ ಇದೆ.

ರೈ. ಇದರಲ್ಲೇ ಎರಡು ಬಗೆ ಇದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಿಲ್ಲದೆ ಒಂದನ್ನು ಕುಡಿದು "ರೈ ನನಗೆ ಆಗಲ್ಲ" ಅಂದುಬಿಡುತ್ತಾರೆ. ಕೆಂಟಕಿ ಬಗೆಯಲ್ಲಿ ರೈ ಶೇ 51ರ ಆಸುಪಾಸು, ಮಿಕ್ಕದ್ದರಲ್ಲಿ ಹೆಚ್ಚು ಜೋಳ. ರಿಟನ್‌ಹೌಸ್ ಹೀಗೆ. ಹೆಸರು ಫಿಲಡೆಲ್ಫಿಯಾದ್ದು, ಈಗ ಇಳಿಸುವುದು ಕೆಂಟಕಿಯಲ್ಲಿ. ಸಾರು ಪುಡಿ ಡಬ್ಬ ತೆರೆದಾಗಿನ ಬೆಚ್ಚನೆಯ ವಾಸನೆ, ಜೊತೆಗೆ ಬೆಲ್ಲ. ಇನ್ನೊಂದು ಇಂಡಿಯಾನಾ ಬಗೆ. ನನ್ನ ಮನೆಯಿಂದ ಮುಕ್ಕಾಲು ಗಂಟೆ ದೂರದ ಲಾರೆನ್ಸ್‌ಬರ್ಗ್‌ನಲ್ಲಿ ಒಂದು ದೊಡ್ಡ ಭಟ್ಟಿ ಇದೆ. ಅಲ್ಲಿ ಇಳಿಸುವ ಒಂದು ಅಳತೆಯಲ್ಲಿ ರೈ ಶೇ 95, ಬಾರ್ಲಿ ಶೇ 5. ಜೋಳ ಇಲ್ಲವೇ ಇಲ್ಲ. ಬುಲೆಟ್ ರೈ ಸೇರಿ ಎಷ್ಟೋ ಹೆಸರಿನ ಬಾಟಲಿಗಳಿಗೆ ಹೋಗಿರುವುದು ಅಲ್ಲಿನ ಸರಕೇ. ಇದು ಹಸಿರು ರುಚಿ: ಸಬ್ಬಸಿಗೆ ಸೊಪ್ಪು, ಪುದೀನ, ಸೋಂಪು. ಸಿಹಿ ಕಡಿಮೆ. ಬರ್ಬನ್ನಿನಿಂದ ರೈ ಕಡೆಗೆ ಬರುವವರು ರಿಟನ್‌ಹೌಸ್ ಥರದ್ದರಿಂದ ಶುರುಮಾಡಿ. ನಿಮಗೆ ಜಿನ್ ಇಷ್ಟ ಇದ್ದರೆ, ಗಿಡಮೂಲಿಕೆಯ ರುಚಿ ಒಗ್ಗುತ್ತದೆ ಅಂತಾದರೆ, ನೇರವಾಗಿ 95ರದ್ದನ್ನು ತಗೊಳ್ಳಿ.

ಟೆನೆಸ್ಸೀ ವಿಸ್ಕಿ. ಜ್ಯಾಕ್ ಡೇನಿಯಲ್ಸ್‌ನಲ್ಲಿ ಜೋಳ ಶೇ 80. ಧಾನ್ಯ ಮತ್ತು ಪೀಪಾಯಿಯ ಲೆಕ್ಕದಲ್ಲಿ ಬರ್ಬನ್ನೇ. ಪೀಪಾಯಿಗೆ ಹೋಗುವ ಮುಂಚೆ ಹತ್ತು ಅಡಿ ಮೇಪಲ್ ಇದ್ದಿಲಿನ ಮೂಲಕ ಹನಿಹನಿಯಾಗಿ ಇಳಿಯುತ್ತದೆ. ಅದರಿಂದ ಒರಟು ಹೋಗುತ್ತದೆ, ಧಾನ್ಯದ ರುಚಿಯೂ ಒಂದಿಷ್ಟು ಹೋಗುತ್ತದೆ ಅಂತ ನನಗನಿಸುತ್ತದೆ. ಜ್ಯಾಕ್ ಡೇನಿಯಲ್ ಹುಡುಗನಾಗಿದ್ದಾಗ ಅವನಿಗೆ ಈ ಕೆಲಸ ಕಲಿಸಿದವರು ನಿಯರೆಸ್ಟ್ ಗ್ರೀನ್, ಗುಲಾಮಗಿರಿಯಲ್ಲಿದ್ದ ಕಪ್ಪು ಮನುಷ್ಯ. ಸ್ವಾತಂತ್ರ್ಯ ಸಿಕ್ಕ ಮೇಲೆ ಜ್ಯಾಕ್‌ನ ಭಟ್ಟಿಯ ಮೊದಲ ಮುಖ್ಯಸ್ಥರೂ ಅವರೇ ಆದರು. ಕಂಪನಿ ಇದನ್ನು ಎಲ್ಲರ ಮುಂದೆ ಹೇಳಲು ಶುರುಮಾಡಿದ್ದು 2016ರಲ್ಲಿ. ಕೋಲಾ ಹಾಕಿ ಕುಡಿಯುವವರಿಗೆ ಈ ವಿಸ್ಕಿ ಸಾಕು. ಊರಲ್ಲೂ ಸುಲಭವಾಗಿ ಸಿಗುತ್ತದೆ, ಹಾಗಾಗಿ ಅಮೆರಿಕದಿಂದ ಹೊತ್ತು ತರಬೇಡಿ.

ಚೀಟಿಯಲ್ಲಿ ನಂಬಬಹುದಾದ ಮೂರು ಪದ

'ಬಾಟಲ್ಡ್ ಇನ್ ಬಾಂಡ್.' ಹತ್ತೊಂಬತ್ತನೇ ಶತಮಾನದ ಕೊನೆಗೆ ಅಮೆರಿಕದಲ್ಲಿ ಬರೀ ಸ್ಪಿರಿಟ್ಟಿಗೆ ಬಣ್ಣ, ರುಚಿ ಬೆರೆಸಿ ವಿಸ್ಕಿ ಅಂತ ಮಾರುವವರು ತುಂಬಿಹೋಗಿದ್ದರು. ಇದನ್ನು ತಡೆಯಲು ಕೆಂಟಕಿಯ ಭಟ್ಟಿ ಮಾಲೀಕ ಕರ್ನಲ್ ಟೇಲರ್ ಮುಂತಾದವರು ಹಟ ಹಿಡಿದು 1897ರಲ್ಲಿ ಒಂದು ಕಾಯಿದೆ ಮಾಡಿಸಿದರು. ಒಂದೇ ಭಟ್ಟಿಯದು, ಒಂದೇ ಹಂಗಾಮಿನದು, ಸರ್ಕಾರದ ಉಸ್ತುವಾರಿಯ ಉಗ್ರಾಣದಲ್ಲಿ ಕನಿಷ್ಠ ನಾಲ್ಕು ವರ್ಷ, ಬಾಟಲಿಯಲ್ಲಿ ಸರಿಯಾಗಿ ಶೇ 50. ಚೀಟಿ ಮೇಲೆ 100 ಪ್ರೂಫ್ ಅಂತ ಇರುತ್ತದೆ. ಅಮೆರಿಕದಲ್ಲಿ ಪ್ರೂಫ್ ಅಂದರೆ ಶೇಕಡದ ಎರಡರಷ್ಟು. ಯಾವ ಭಟ್ಟಿ ಅನ್ನುವ ನಂಬರೂ ಇರಲೇಬೇಕು.

ಗೊತ್ತಿಲ್ಲದ ಅಂಗಡಿಯಲ್ಲಿ ದುಡ್ಡು ಕಡಿಮೆ ಇಟ್ಟುಕೊಂಡು ನಿಂತಿದ್ದರೆ ಈ ಮೂರು ಪದ ಹುಡುಕಿ. ಇವಾನ್ ವಿಲಿಯಮ್ಸ್‌ನ ಬಿಳಿ ಚೀಟಿ 20 ಡಾಲರಿನ ಆಚೀಚೆ, ಅದು ಬರ್ಬನ್. ರಿಟನ್‌ಹೌಸ್ 30ರ ಆಚೀಚೆ, ಅದು ರೈ. ಎರಡೂ ಬಾಂಡ್‌ನವು. ರಾಜ್ಯದಿಂದ ರಾಜ್ಯಕ್ಕೆ ಬೆಲೆ ಸ್ವಲ್ಪ ಬದಲಾಗುತ್ತದೆ.

ಮನೆಯಲ್ಲೇ ಹೋಲಿಸಿ ನೋಡಿ

ಹೋದ ಚಳಿಗಾಲದಲ್ಲಿ ಹಾಸನದಿಂದ ನಮ್ಮ ಮಾವನವರು ಬಂದಿದ್ದರು. ನಲವತ್ತು ವರ್ಷದಿಂದ ವಿಸ್ಕಿಗೆ ಸೋಡಾ ಹಾಕಿಯೇ ಕುಡಿದವರು. ಒಂದು ಸಂಜೆ ಅಡುಗೆಮನೆ ಮೇಜಿನ ಮೇಲೆ ಮೂರು ಲೋಟ ಇಟ್ಟೆ. ಲೋಟದ ತಳಕ್ಕೆ ನನ್ನ ಹೆಂಡತಿಯ ಬಿಂದಿ ಅಂಟಿಸಿದೆ. ಕೆಂಪು ಬಿಂದಿ ಗೋಧಿ ಬರ್ಬನ್, ಹಸಿರು ಮಾಮೂಲಿ ಬರ್ಬನ್, ಕಪ್ಪು ರೈ. ಒಂದೊಂದಕ್ಕೂ ಹದಿನೈದು ಎಂಎಲ್. ಮಾವನವರು ಮೂರನ್ನೂ ಮೂಸಿ, ಗುಟುಕು ಕುಡಿದು, ಕೆಂಪು ಬಿಂದಿಯ ಲೋಟ ಎತ್ತಿ ಪಕ್ಕಕ್ಕಿಟ್ಟರು. "ಇದು ಬಾಯಿಗೆ ಹಿತ." ಕಪ್ಪು ಬಿಂದಿಯದನ್ನು ದೂರ ತಳ್ಳಿದರು. ಆಮೇಲೆ ಅವೇ ಮೂರಕ್ಕೂ ಸೋಡಾ ಹಾಕಿ ಜಾಗ ಬದಲಿಸಿ ಕೊಟ್ಟೆ. ಜೊತೆಗೆ ಕೋಡುಬಳೆ ಇತ್ತು, ಪೆಪ್ಪರ್ ಚಿಕನ್ ಇತ್ತು. ಈ ಸಲ ಅವರು ಆರಿಸಿದ ಲೋಟ ಎತ್ತಿ ತಳ ನೋಡಿದರೆ ಕಪ್ಪು ಬಿಂದಿ. ಗೋಧಿಯದು "ಸಪ್ಪೆ ಆಯ್ತಲ್ಲೋ" ಅಂದರು.

ಬಾಯಿ ಅದೇ, ಬಾಟಲಿಗಳೂ ಅವೇ. ಬದಲಾಗಿದ್ದು ಸೋಡಾ ಮತ್ತು ತಟ್ಟೆಯಲ್ಲಿದ್ದ ಮೆಣಸು. ಅದಕ್ಕೇ ಕುಡಿಯುವ ರೀತಿಯನ್ನು ಬೆಲೆಗಿಂತ ಮುಂಚೆ ಇಟ್ಟಿದ್ದೇನೆ.

ನೀವು ಹೀಗೆ ಮಾಡಿ ನೋಡುವುದಾದರೆ ಬಾಯಿ ಕಿರಿದಾದ ಲೋಟ ತಗೊಳ್ಳಿ. ಮೂಗನ್ನು ಒಳಗೆ ತುರುಕಬೇಡಿ. ತುಟಿ ಸ್ವಲ್ಪ ತೆರೆದು ಲೋಟದ ಅಂಚಿನ ಹತ್ತಿರ ಹಿಡಿದರೆ ಸ್ಪಿರಿಟ್ಟಿನ ಏಟು ತಪ್ಪುತ್ತದೆ. ಮೊದಲ ಗುಟುಕಿನಲ್ಲಿ ಉರಿ ಬಿಟ್ಟು ಏನೂ ತಿಳಿಯುವುದಿಲ್ಲ. ಎರಡನೇ ಗುಟುಕಿಗೆ ನಾಲಿಗೆ ಒಗ್ಗಿರುತ್ತದೆ. ಆಮೇಲೆ ಅರ್ಧ ಚಮಚ ನೀರು ಹಾಕಿ ಮತ್ತೆ ಮೂಸಿ. ಭಟ್ಟಿಯೊಂದರಲ್ಲಿ ಹಿರಿಯ ಕೆಲಸಗಾರರೊಬ್ಬರು ನನಗೆ ಇನ್ನೊಂದು ತೋರಿಸಿದ್ದರು. ಅಂಗೈಗೆ ಎರಡು ಹನಿ ಹಾಕಿಕೊಂಡು ಜೋರಾಗಿ ಉಜ್ಜಿ, ಕೈ ಒಣಗಿದ ಮೇಲೆ ಮೂಸಬೇಕು. ಸ್ಪಿರಿಟ್ ಹಾರಿಹೋಗಿ ಧಾನ್ಯ, ಮರ ಉಳಿದಿರುತ್ತದೆ. ಬರ್ಬನ್ ಉಜ್ಜಿದ ಕೈ ಜೋಳದ ಹಿಟ್ಟು ನಾದಿದ ಕೈ ಥರ. ರೈ ಉಜ್ಜಿದ ಕೈಯಲ್ಲಿ ಕಪ್ಪು ಬ್ರೆಡ್ಡಿನ ಅಂಚಿನ ವಾಸನೆ.

ಇನ್ನೊಂದು ಮಾತು. ನೀವು ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ಕುಡಿದಿದ್ದರೆ ಬರ್ಬನ್ನಿನ ಮರದ ರುಚಿ ನಿಮಗೆ ಆಗಲೇ ಗೊತ್ತು. ಬರ್ಬನ್ನಿಗೆ ಪ್ರತಿ ಸಲ ಹೊಸ ಪೀಪಾಯಿ ಬೇಕು. ಹಾಗಾಗಿ ಒಮ್ಮೆ ಬಳಸಿದವು ಸ್ಕಾಟ್ಲೆಂಡಿಗೆ, ಐರ್ಲೆಂಡಿಗೆ, ನಮ್ಮಲ್ಲಿಗೂ ಹೋಗುತ್ತವೆ. ಅಮೃತ್‌ನಲ್ಲಿ ಸಿಗುವ ವೆನಿಲ್ಲಾದ ಎಳೆಯಲ್ಲಿ ಕೆಂಟಕಿಯ ಆ ಸುಟ್ಟ ಓಕ್‌ನ ಪಾಲಿದೆ. ಅಮೃತ್ ಇಷ್ಟಪಡುವವರಿಗೆ ಗಿಫ್ಟ್ ಕೊಡುವುದಾದರೆ ಗೋಧಿ ಬರ್ಬನ್ನಿಗಿಂತ ಮಾಮೂಲಿ ಬರ್ಬನ್ನಿನ ಶೇ 50ರದ್ದು ಹೆಚ್ಚು ಹಿಡಿಸುತ್ತದೆ. ಆ ಗಟ್ಟಿತನ ಅವರಿಗೆ ಅಭ್ಯಾಸವಾಗಿರುತ್ತದೆ.

ಯಾರಿಗೆ ಯಾವುದು

ಓಲ್ಡ್ ಫ್ಯಾಶನ್ಡ್ ಅನ್ನುವ ಕಾಕ್‌ಟೇಲ್ ಮಾಡುವವರಿಗೆ ಬರ್ಬನ್, ರೈ ಎರಡೂ ನಡೆಯುತ್ತದೆ. ಅದರಲ್ಲಿ ಸಕ್ಕರೆ ಇರುವುದರಿಂದ ರೈ ಹಾಕಿದರೆ ಸಿಹಿ ಅತಿಯಾಗುವುದಿಲ್ಲ. ಮ್ಯಾನ್‌ಹಟನ್ ಅನ್ನುವ ಕಾಕ್‌ಟೇಲ್‌ಗೆ ರೈಯೇ ಬೇಕು, ಶೇ 50ರದ್ದಾದರೆ ಇನ್ನೂ ಚೆನ್ನ. ಸೋಡಾ, ಕರಿದ ತಿಂಡಿ, ಮಸಾಲೆ ಇರುವ ಮನೆಗೂ ರೈ. ಊಟ ಆದ ಮೇಲೆ ಒಂದೇ ಒಂದು ಸಣ್ಣ ಪೆಗ್ ಇಟ್ಟುಕೊಂಡು ಕೂರುವವರಿಗೆ ಗೋಧಿ ಬರ್ಬನ್. ಹತ್ತು ಜನ ಸೇರುವ ಪಾರ್ಟಿಗೆ ಇವಾನ್ ವಿಲಿಯಮ್ಸ್ ಬಿಳಿ ಚೀಟಿ ಎರಡು ತನ್ನಿ, ಅದೇ ದುಡ್ಡಿಗೆ ಒಂದು ದುಬಾರಿ ಬಾಟಲಿ ತರಬೇಡಿ. ಶೇ 50ರದ್ದು ಊರಿನ ಶೇ 42.8ರ ಪೆಗ್ಗಿಗಿಂತ ಬೇಗ ಏರುತ್ತದೆ ಅನ್ನುವುದನ್ನು ಬಂದವರಿಗೆ ಮೊದಲೇ ಹೇಳಿಬಿಡಿ. ಊರಿನ ಅಳತೆಯಲ್ಲೇ ಹಾಕಿಕೊಂಡು ಕಷ್ಟಪಟ್ಟವರನ್ನು ನೋಡಿದ್ದೇನೆ.

50 ಡಾಲರ್ ಮೇಲೆ ಕೊಡುವುದು ಯಾವಾಗ ಸರಿ? ನಿಮಗೆ ಯಾವ ಧಾನ್ಯ ಇಷ್ಟ ಅಂತ ಖಚಿತವಾದ ಮೇಲೆ. ಆಗ ಅದೇ ಧಾನ್ಯದ ಸಿಂಗಲ್ ಬ್ಯಾರಲ್‌ಗೋ ನೀರು ಬೆರೆಸದ ಬ್ಯಾರಲ್ ಪ್ರೂಫ್‌ಗೋ ಹೋಗಿ.

ಊರಲ್ಲೇ ಕೊಳ್ಳುವವರಿಗೆ ಆಯ್ಕೆ ಕಡಿಮೆ. ಭಾರತ ಸರ್ಕಾರ 2025ರ ಫೆಬ್ರವರಿಯಲ್ಲಿ ಬರ್ಬನ್ ಮೇಲಿನ ಆಮದು ಸುಂಕವನ್ನು ಶೇ 150ರಿಂದ 100ಕ್ಕೆ ಇಳಿಸಿತು. ಆದರೂ ರಾಜ್ಯದ ಅಬಕಾರಿ ಸುಂಕ ಸೇರಿದ ಮೇಲೆ ಬೆಲೆ ಅಮೆರಿಕದ ಲೆಕ್ಕಕ್ಕೆ ಹತ್ತಿರವೂ ಬರುವುದಿಲ್ಲ. ಬೆಂಗಳೂರಿನಲ್ಲಿ ಜಿಮ್ ಬೀಮ್, ಜ್ಯಾಕ್ ಡೇನಿಯಲ್ಸ್ ಸುಲಭ. ಮೇಕರ್ಸ್ ಮಾರ್ಕ್, ವುಡ್‌ಫರ್ಡ್ ರಿಸರ್ವ್ ದೊಡ್ಡ ಅಂಗಡಿಗಳಲ್ಲಿ. ರೈ ಸಿಕ್ಕುವುದು ಅಪರೂಪ.

ಅದಕ್ಕೇ ಅಂಗಡಿಯಿಂದ ಮೆಸೇಜು ಮಾಡಿದ ತಮ್ಮನಿಗೆ ಹೀಗೆ ಹೇಳಿದೆ. ಭಾರತಕ್ಕೆ ಒಬ್ಬರು ಸುಂಕವಿಲ್ಲದೆ ತರಬಹುದಾದ್ದು ಎರಡು ಲೀಟರ್. ಇಲ್ಲಿನ ಬಾಟಲಿ 750 ಎಂಎಲ್. ಎರಡಾದರೆ ಒಂದೂವರೆ ಲೀಟರ್, ಮೂರಾದರೆ ಲೆಕ್ಕ ಮೀರುತ್ತದೆ. ಬಿರಡೆ ತೆಗೆಯದ ಬಾಟಲಿ, ಚೆಕ್-ಇನ್ ಬ್ಯಾಗಿನಲ್ಲಿ, ಪಂಚೆಯಲ್ಲಿ ಸುತ್ತಿ. ಶೇ 70 ದಾಟಿದ್ದು ವಿಮಾನಕ್ಕೆ ಬಿಡುವುದಿಲ್ಲ. ಮೊದಲ ಬಾಟಲಿ ಊರಲ್ಲಿ ಸಿಗದ್ದಾಗಿರಲಿ, ರಿಟನ್‌ಹೌಸ್ ರೈ. ಎರಡನೇದಕ್ಕೆ ಭಾವ ಹೇಗೆ ಕುಡಿಯುತ್ತಾರೆ ಅಂತ ಅಕ್ಕನಿಗೆ ಫೋನ್ ಮಾಡಿ ಕೇಳು. ಸೋಡಾ ಅಂದರೆ ವೈಲ್ಡ್ ಟರ್ಕಿ 101, ಏನೂ ಬೆರೆಸಲ್ಲ ಅಂದರೆ ಮೇಕರ್ಸ್ ಮಾರ್ಕ್.

ಹತ್ತು ನಿಮಿಷ ಬಿಟ್ಟು ಉತ್ತರ ಬಂತು. "ನೀರು ಹಾಕ್ಕೊಂಡು ಕುಡೀತಾರಂತೆ ಅಣ್ಣ." ನೀರಾದರೂ 101 ತಡೆಯುತ್ತದೆ. ಅದನ್ನೇ ತಗೋ ಅಂದೆ.